ತೀರ್ಥದ ಜೊತೆ ಎರಡು ಗುಳಿಗೆ

ಸವಣೂರಿನ ಮಠದ ಹಿಂದಿನ ಓಣಿಯಲ್ಲಿ ಶ್ರೀರಾಮರ ಮನೆ. ಆ ಮನೆಯಲ್ಲಿ ಮೂರು ಗಡಿಯಾರಗಳಿದ್ದವು, ಮೂರೂ ಸರಿಯಾದ ವೇಳೆಯನ್ನೇ ತೋರಿಸುತ್ತಿದ್ದವು. ಆದರೂ ಮನೆ ನಡೆಯುತ್ತಿದ್ದದ್ದು ಅಡುಗೆಮನೆಯ ಮೊಳೆಗೆ ತೂಗುಹಾಕಿದ ಪಂಚಾಂಗದ ಮೇಲೆ. ಶ್ರೀರಾಮರು ಕಾಲೇಜಿನಲ್ಲಿ ಇತಿಹಾಸ ಕಲಿಸುವವರು, ಹೆಂಡತಿ ಪದ್ಮಜಾ ಬ್ಯಾಂಕಿನಲ್ಲಿ, ಮಗಳು ಸಂಪದಾ ದಿನಾ ಬಸ್ಸು ಹಿಡಿದು ಶಿಗ್ಗಾಂವಿಗೆ ಹೋಗಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳುವವಳು. ಮೂವರೂ ಓದಿದವರು, ಮೂವರೂ ದುಡಿಯುವವರು. ಯಜಮಾನಿಕೆ ಮಾತ್ರ ಎಪ್ಪತ್ತೆಂಟರ ಪದ್ಮಾಬಾಯಿಯದು, ಅಂದರೆ ಶ್ರೀರಾಮರ ತಾಯಿಯದು.

ಜೋರು ಮಾಡಿ ಮನೆ ಆಳಿದ ಮುದುಕಿಯಲ್ಲ ಅವಳು. ಸೊಸೆ ಬ್ಯಾಂಕಿನಿಂದ ಬರುವ ಹೊತ್ತಿಗೆ ಕಾಯಿಪಲ್ಲೆ ಹೆಚ್ಚಿಟ್ಟಿರುತ್ತಿದ್ದಳು, ಮೊಮ್ಮಗಳಿಗೆ ತಲೆನೋವು ಎಂದರೆ ತಾನೇ ಎಣ್ಣೆ ತಿಕ್ಕುತ್ತಿದ್ದಳು. ಆದರೆ ತಿಂಗಳಿಗೆ ಎರಡು ದಿನ ಅವಳು ಯಾರ ಕೈಗೂ ಸಿಗುತ್ತಿರಲಿಲ್ಲ. ಏಕಾದಶಿ ಬಂತೆಂದರೆ ನಸುಕಿನಲ್ಲೇ ಮಿಂದು, ಬೇರೆಯಾಗಿ ಒಣಗಿಸಿದ ಮಡಿಸೀರೆ ಉಟ್ಟು ದೇವರಕೋಣೆ ಸೇರಿದರೆ ಮರುದಿನ ದ್ವಾದಶಿಯ ಪಾರಣೆಯವರೆಗೆ ಅನ್ನವಿಲ್ಲ, ಹಣ್ಣಿಲ್ಲ, ಒಂದು ಚಮಚ ತೀರ್ಥ ಬಿಟ್ಟರೆ ನೀರೂ ಇಲ್ಲ. ಹದಿನಾರನೆಯ ವಯಸ್ಸಿಗೆ ಅತ್ತೆಯಿಂದ ಹಿಡಿದ ವ್ರತ. ಆ ಹೊತ್ತು ಅವಳನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಏನಿದ್ದರೂ ಹೊಸ್ತಿಲ ಈಚೆ ನಿಂತು ಮಾತಾಡಬೇಕು.

ಹತ್ತು ವರ್ಷದಿಂದ ಅಜ್ಜಿಗೆ ಸಕ್ಕರೆ ಕಾಯಿಲೆ. ಈಗೆರಡು ವರ್ಷದಿಂದ ಗುಳಿಗೆಯ ಜವಾಬ್ದಾರಿ ಸಂಪದಾಳದು. ವಾರದ ಏಳು ಖಾನೆಗಳ ಡಬ್ಬಿಯನ್ನು ಭಾನುವಾರಕ್ಕೊಮ್ಮೆ ತುಂಬಿ, ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ತಾನೇ ಕೊಟ್ಟು ಹೋಗುತ್ತಿದ್ದಳು. ಅಷ್ಟರಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ, ಆ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಏಕಾದಶಿಯ ದಿನವೂ ತಪ್ಪಿಸುತ್ತಿರಲಿಲ್ಲ. ಔಷಧದಿಂದ ಉಪವಾಸ ಕೆಡುವುದಿಲ್ಲ ಎಂದು ಹಿರಿಯರೇ ಹೇಳಿದ್ದರು. ಮಡಿಯಲ್ಲಿದ್ದ ಅಜ್ಜಿ ಹೊಸ್ತಿಲ ಆಚೆಯಿಂದ ಅಂಗೈ ಚಾಚಿದರೆ, ಈಚೆಯಿಂದ ಇವಳು ಬೆರಳು ತಾಗದ ಹಾಗೆ ಮೇಲಿನಿಂದ ಉದುರಿಸಬೇಕು. ಅಜ್ಜಿ ಅದನ್ನು ತೀರ್ಥದ ಜೊತೆ ನುಂಗುತ್ತಿದ್ದಳು.

ಆ ವರ್ಷ ಸಕ್ಕರೆ ಏರಿತ್ತು. ಹಾವೇರಿಯ ಡಾಕ್ಟರು ಬೆಳಗಿನ ಒಂದು ಗುಳಿಗೆಯನ್ನು ಎರಡು ಮಾಡಿದರು. ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆಯೇ ಎಂದು ಅವರು ಕೇಳಿದ್ದುಂಟು. ಜೊತೆಗೆ ಹೋಗಿದ್ದ ಪದ್ಮಜಾ ಮತ್ತು ಸಂಪದಾ ಒಂದೇ ಉಸಿರಿಗೆ ಹೌದೆಂದರು. ಅವರು ಸುಳ್ಳು ಹೇಳಲಿಲ್ಲ. ಏಕಾದಶಿ ಎಂಬುದು ಡಾಕ್ಟರಿಗೆ ಹೇಳುವ ವಿಷಯ ಎಂದು ಅವರಿಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ಹೊಳೆಯುತ್ತದೆ, ಹೇಳಿ?

ಹಿತ್ತಲಗೋಡೆಯ ಆಚೆ ಕುಲಸುಮಬಿಯ ಮನೆ. ಅವರದು ಎಲೆಯ ವ್ಯಾಪಾರ. ಮಗ ಫಾರೂಕ ತೋಟಗಳಿಂದ ವೀಳ್ಯದೆಲೆಯ ಪೆಂಡಿ ತಂದು ಸುತ್ತಲಿನ ಸಂತೆಗಳಿಗೆ ಒಯ್ಯುತ್ತಿದ್ದ. ಮದುವೆಯಾಗಿ ಬಂದ ದಿನದಿಂದ, ಅಂದರೆ ನಲವತ್ತು ವರ್ಷಗಳಿಂದ, ಕುಲಸುಮಬಿ ಪದ್ಮಾಬಾಯಿಯ ದೇವರಿಗೆಂದು ಆಯ್ದ ಎಲೆ ಕೊಡುತ್ತಿದ್ದಳು. ದ್ವಾದಶಿಯ ಪೂಜೆ ನಸುಕಿಗೇ ಆಗುವುದರಿಂದ ಏಕಾದಶಿಯ ಮಧ್ಯಾಹ್ನವೇ ತಂದು ಗೋಡೆಯ ಮೇಲೆ ಇಡುವಳು. ಅವಳು ಕೈ ಹಿಂದಕ್ಕೆ ತೆಗೆದ ಮೇಲೆ ಪದ್ಮಾಬಾಯಿ ನೀರು ಚಿಮುಕಿಸಿ ಎತ್ತಿಕೊಳ್ಳುವಳು. ಆಮೇಲೆ ಗೋಡೆಗೆ ಆಚೆಯೊಬ್ಬಳು, ಈಚೆಯೊಬ್ಬಳು ಒರಗಿ ಸೊಸೆಯರ ಮೇಲಿನ ದೂರು, ಮೊಣಕಾಲಿನ ನೋವು, ಮೆಣಸಿನಕಾಯಿಯ ಘಾಟು ಎಲ್ಲವನ್ನೂ ಹಂಚಿಕೊಳ್ಳುವರು. ಹಂಚಿಕೊಳ್ಳದೆ ಉಳಿದದ್ದು ಕೈಯ ಸ್ಪರ್ಶ ಒಂದೇ. ಅದರ ಬಗ್ಗೆ ಇಬ್ಬರಿಗೂ ಬೇಸರವಿರಲಿಲ್ಲ, ಪದ್ಧತಿ ಎಂದರೆ ಹಾಗೆಯೇ ಅಲ್ಲವೇ?

ಆಷಾಢದ ಏಕಾದಶಿ ಆ ಸಲ ಭಾನುವಾರ ಬಂತು. ಅಜ್ಜಿಯ ತಮ್ಮ ರಾಘವೇಂದ್ರಾಚಾರ್ಯರು ಹಾನಗಲ್ಲಿನಿಂದ ಹಿಂದಿನ ದಿನವೇ ಬಂದಿಳಿದಿದ್ದರು. ಸಂಸ್ಕೃತ ಕಲಿಸಿ ನಿವೃತ್ತರಾದವರು, ಎಪ್ಪತ್ತನಾಲ್ಕು ವರ್ಷ, ನಿಷ್ಠೆಯ ಮನುಷ್ಯ. ಮೂರು ವರ್ಷದ ಹಿಂದೆ ಅವರ ಹೆಂಡತಿ ಹೀಗೇ ಒಂದು ಏಕಾದಶಿಯ ಸಂಜೆ ದೇವರ ಮುಂದೆ ಕುಳಿತವರು ಕುಳಿತ ಹಾಗೆಯೇ ಹೋದರು. ಆಚಾರ್ಯರು ಆ ಸಂಗತಿಯನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. ಕೇಳಿದವರು ಕೈಮುಗಿಯುತ್ತಿದ್ದರು. ಪದ್ಮಾಬಾಯಿಯಂತೂ ತನಗೂ ಅಂಥದ್ದೇ ಒಂದು ದಿನ ಸಿಗಲಿ ಎಂದು ತಮ್ಮನ ಎದುರೇ ಎಷ್ಟೋ ಸಲ ಬೇಡಿಕೊಂಡಿದ್ದಳು.

ಅಂದು ಬೆಳಿಗ್ಗೆ ಸಂಪದಾ ಎರಡು ಗುಳಿಗೆ ಉದುರಿಸಿದಳು. ಅಜ್ಜಿ ನುಂಗಿದಳು. ಮಧ್ಯಾಹ್ನ ಎರಡರ ಸುಮಾರಿಗೆ ಪುರಾಣ ಓದುತ್ತಿದ್ದ ಅಜ್ಜಿಯ ದನಿ ತೊದಲಿತು. ಹಾಳೆ ತಿರುವಲು ಹೋದ ಬೆರಳುಗಳು ಹಾಳೆಯನ್ನು ಹಿಡಿಯಲಾರದೆ ನಡುಗಿದವು. ಪದ್ಮಜಾ ಹೊಸ್ತಿಲಿಗೆ ಬಂದು, ಯಾಕ್ರೀ ಅತ್ಯಾ, ಸುಸ್ತಾತೇನು ಎಂದು ಕೇಳಿದರೆ, ಅಜ್ಜಿ ಅವಳ ಮುಖವನ್ನೇ ನೋಡುತ್ತ ಯಾವಾಗಲೋ ತೀರಿಹೋದ ತನ್ನ ಅಕ್ಕನ ಹೆಸರು ಹಿಡಿದು ಕರೆದಳು. ಪದ್ಮಜಾ ಗಾಬರಿಯಾಗಿ ಒಂದು ಹೆಜ್ಜೆ ಒಳಗಿಟ್ಟವಳು, ತಾನು ಮಡಿಯಲ್ಲಿಲ್ಲ ಎಂಬುದು ನೆನಪಾಗಿ ಹಿಂದೆ ಸರಿದಳು. ಒಂದೇ ಹೆಜ್ಜೆ ಅದು. ಮುಂದೆ ಎಷ್ಟೋ ದಿನ ಆ ಹೆಜ್ಜೆಯನ್ನು ನೆನೆದು ಅವಳು ಅತ್ತಳು.

ಮೂರರ ಹೊತ್ತಿಗೆ ಅಜ್ಜಿ ಗೋಡೆಗೆ ಒರಗಿದಳು, ಆಮೇಲೆ ಮೆಲ್ಲಗೆ ಪಕ್ಕಕ್ಕೆ ವಾಲಿದಳು. ಕಣ್ಣು ಅರೆತೆರೆದಿತ್ತು, ಗಂಟಲಿನಿಂದ ಸಣ್ಣ ನರಳಿಕೆ ಬರುತ್ತಿತ್ತು. ಶ್ರೀರಾಮರು ಫೋನು ಕೈಗೆತ್ತಿಕೊಂಡರು. ಆಚಾರ್ಯರು ತಡೆದರು. ತಡೆದದ್ದು ಗದರಿಸಿ ಅಲ್ಲ, ಅವರ ಕಣ್ಣಿನಲ್ಲಿ ನೀರಿತ್ತು.

"ಗದ್ದಲಾ ಮಾಡಬ್ಯಾಡ್ರಿ. ಏಕಾದಶಿ, ಮಡಿಯೊಳಗಿದ್ದಾಳ, ಎದುರಿಗೆ ದೇವರು. ಇದನ್ನ ಅಕ್ಕ ಜನ್ಮ ಎಲ್ಲಾ ಬೇಡಿಕೊಂಡಾಳ. ಈಗ ದವಾಖಾನಿಗೆ ಒಯ್ದು ಸೂಜಿ ಚುಚ್ಚಿಸಿ ಅಕಿ ಪುಣ್ಯಾ ಕಸಗೊಳ್ಳೋದು ಯಾಕ, ಶ್ರೀರಾಮ?"

ಶ್ರೀರಾಮರ ಕೈಯಲ್ಲಿನ ಫೋನು ಹಾಗೆಯೇ ಉಳಿಯಿತು. ತಾಯಿಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಒಂದು ಕಡೆ, ತಾಯಿಯ ಮಾತನ್ನು ನಡೆಸಬೇಕೆಂಬ ಆಸೆ ಇನ್ನೊಂದು ಕಡೆ. ಅವರನ್ನು ಹೇಡಿ ಎನ್ನಲು ನನಗೆ ಮನಸ್ಸು ಬಾರದು. ಪ್ರೀತಿಯೇ ಮನುಷ್ಯನನ್ನು ಹೀಗೆ ಕಟ್ಟಿಹಾಕಿದಾಗ ಬಿಡಿಸುವವರು ಯಾರು? ಆಚಾರ್ಯರು ಸಹಸ್ರನಾಮ ಆರಂಭಿಸಿದರು. ಶ್ರೀರಾಮರು ದನಿಗೂಡಿಸಿದರು, ಅಳುತ್ತಲೇ ಪದ್ಮಜಾ ಕೂಡಿದಳು. ಸಂಪದಾಳೂ ಹೊಸ್ತಿಲ ಈಚೆ ಕುಳಿತು ಕೈಮುಗಿದು ಹೇಳತೊಡಗಿದಳು. ಅದೇ ವಾರ ಅವಳು ಕರಿಹಲಗೆಯ ಮೇಲೆ ಮೇದೋಜೀರಕದ ಚಿತ್ರ ಬರೆದು, ರಕ್ತದಲ್ಲಿನ ಸಕ್ಕರೆ ಹೇಗೆ ಏರಿಳಿಯುತ್ತದೆ ಎಂದು ಮಕ್ಕಳಿಗೆ ಹೇಳಿ ಬಂದಿದ್ದಳು. ಮನೆಯ ಹೊಸ್ತಿಲಿಗೆ ಬರುವಾಗ ಆ ಪಾಠ ಶಿಗ್ಗಾಂವಿಯಲ್ಲೇ ಉಳಿದಿತ್ತು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಕುಲಸುಮಬಿ ಕೂಗಿದಳು. ಎಲೆ ಇಟ್ಟು ಎಷ್ಟೋ ಹೊತ್ತಾಗಿತ್ತು, ಬಿಸಿಲಿಗೆ ಬಾಡಲು ಹತ್ತಿದ್ದವು, ತೆಗೆದುಕೊಳ್ಳಲು ಅವಳ ಪದ್ದಕ್ಕ, ಅಂದರೆ ಪದ್ಮಾಬಾಯಿ, ಬಂದಿರಲಿಲ್ಲ. ಸಂಪದಾ ಎದ್ದು ಹೋಗಿ, ಅಜ್ಜಿ ಹೋಗುತ್ತಿದ್ದಾಳೆ ಎಂದು ಹೇಳಿ ಗೋಡೆ ಹಿಡಿದು ಅತ್ತಳು. ಕುಲಸುಮಬಿ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಮರುಗಳಿಗೆಯೇ ಅವಳ ಮುಖ ಬದಲಾಯಿತು.

"ಗುಳಿಗಿ ತೊಗೊಂಡಾಳೇನು?"

"ಮುಂಜಾನೆ ನಾನ ಕೊಟ್ಟೇನಿ."

"ಹೊಟ್ಟಿಗೆ?"

"ಇವತ್ತು ಏಕಾದಶಿ ಅಲ್ಲಾ."

ಕುಲಸುಮಬಿ ಸುತ್ತುಹಾಕಿ ಹಿತ್ತಲ ಬಾಗಿಲಿನಿಂದ ಬಂದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯ ಅಡುಗೆಮನೆ ದಾಟಿ ದೇವರಕೋಣೆಯ ಹೊಸ್ತಿಲಿನವರೆಗೆ ಬಂದು ನಿಂತಳು. ಸಹಸ್ರನಾಮ ನಿಂತಿತು. ಆಚಾರ್ಯರು ಏನೋ ಹೇಳಲು ಬಾಯಿ ತೆರೆದರು. ಆದರೆ ಅವಳು ಯಾರ ಕಡೆಗೂ ನೋಡದೆ ಒಂದೇ ಪ್ರಶ್ನೆ ಕೇಳಿದಳು.

"ಮೈ ಬೆವತೈತೇನು? ತಣ್ಣಗ ಐತೇನು?"

ಅಲ್ಲಿದ್ದ ನಾಲ್ವರಲ್ಲಿ ಬೆಳಗಿನಿಂದ ಒಬ್ಬರೂ ಪದ್ಮಾಬಾಯಿಯನ್ನು ಮುಟ್ಟಿರಲಿಲ್ಲ. ಹೆತ್ತ ಮಗ, ಒಡಹುಟ್ಟಿದ ತಮ್ಮ, ಸೊಸೆ, ಮೊಮ್ಮಗಳು, ಎಲ್ಲರೂ ನಾಲ್ಕು ಅಡಿ ದೂರದಲ್ಲಿ ಕುಳಿತು ಅವಳಿಗಾಗಿ ಕಣ್ಣೀರು ಹಾಕುತ್ತಿದ್ದರು.

"ನಾ ಒಳಗ ಬರಂಗಿಲ್ಲವ್ವ, ನಿಮ್ಮ ದೇವರ ಖೋಲಿ," ಎಂದಳು ಕುಲಸುಮಬಿ. "ನೀ ಮುಟ್ಟಿ ನೋಡು. ಎರಡ ವರ್ಷದ ಹಿಂದ ರೋಜಾದಾಗ ನಾನೂ ಹಿಂಗ ಬಿದ್ದಿದ್ದೆ. ನಸುಕಿಗೆ ಸಕ್ಕರಿ ಗುಳಿಗಿ ನುಂಗಿ ದಿನಾಪೂರ್ತಿ ಉಪಾಸ ಇದ್ದೆ. ನನ್ನ ಮಗಾ ಮುಟ್ಟಿ ನೋಡಿದ್ದಕ್ಕ ಇವತ್ತ ಇಲ್ಲಿ ನಿಂತೇನಿ."

ಸಂಪದಾ ಹೊಸ್ತಿಲು ದಾಟಿದಳು. ಹಿಂದಿನಿಂದ ಆಚಾರ್ಯರು ಅವಳ ಹೆಸರು ಕೂಗಿದ್ದು ಕೇಳಿಸಿತು. ಅಜ್ಜಿಯ ಕತ್ತು ಮುಟ್ಟಿದಳು, ಹಣೆ ಮುಟ್ಟಿದಳು, ಕೈ ಹಿಡಿದಳು. ಮೈ ತೊಯ್ದ ಅರಿವೆಯ ಹಾಗೆ ತಣ್ಣಗಿತ್ತು. ಮಡಿಸೀರೆ ಬೆನ್ನಿನ ಕಡೆ ಹಿಂಡುವ ಹಾಗೆ ಒದ್ದೆಯಾಗಿತ್ತು. ಆಗ ಅವಳಿಗೆ ಕರಿಹಲಗೆಯ ಚಿತ್ರ ನೆನಪಾಯಿತು, ಬೆಳಿಗ್ಗೆ ತಾನೇ ಉದುರಿಸಿದ ಎರಡು ಗುಳಿಗೆಯೂ ನೆನಪಾಯಿತು.

ಅಭಿಷೇಕದ ಜೇನುತುಪ್ಪ ಪಕ್ಕದಲ್ಲೇ ಇತ್ತು. ಗಂಟಲಿಗೆ ಹೋಗದ ಹಾಗೆ, ಪಕ್ಕಕ್ಕೆ ಮಲಗಿಸಿ, ಕೆನ್ನೆಯ ಒಳಗೆ ಸವರು ಎಂದು ಕುಲಸುಮಬಿ ಹೇಳಿಕೊಟ್ಟಳು. ವ್ರತ ಮುರಿಯಿತಲ್ಲ ಎಂದು ಆಚಾರ್ಯರು ತಲೆ ಹಿಡಿದುಕೊಂಡರು. ಮುರೀಲಿ ಅಜ್ಜಾ ಎಂದಷ್ಟೇ ಹೇಳಿ ಸಂಪದಾ ಬೆರಳಿನಿಂದ ಜೇನು ಸವರಿದಳು. ಶ್ರೀರಾಮರು ಫೋನನ್ನು ಅಲ್ಲೇ ಬಿಸಾಕಿ ತಾಯಿಯನ್ನು ತೋಳಿನಲ್ಲಿ ಎತ್ತಿಕೊಂಡರು. ಕುಲಸುಮಬಿ ಕೂಗಿದ್ದಕ್ಕೆ ಫಾರೂಕ ಎಲೆಯ ಪೆಂಡಿಗಳನ್ನು ಇಳಿಸುವುದನ್ನೂ ಬಿಟ್ಟು ಗಾಡಿಯನ್ನು ಬಾಗಿಲಿಗೆ ತಂದ. ಎಲೆಯ ಪೆಂಡಿಗಳ ನಡುವೆ, ಕುಲಸುಮಬಿಯ ತೊಡೆಯ ಮೇಲೆ ತಲೆಯಿಟ್ಟು, ಅರವತ್ತೆರಡು ವರ್ಷ ಮಡಿ ಕಾದ ಪದ್ಮಾಬಾಯಿ ಊರ ದವಾಖಾನೆಗೆ ಹೋದಳು.

ಬಂಕಾಪುರದ ಕಡೆಯ ಡಾಕ್ಟರ್ ಸುಮಯ್ಯಾ ಆ ಹೊತ್ತು ಪಾಳಿಯಲ್ಲಿದ್ದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮೂವತ್ತನಾಲ್ಕಕ್ಕೆ ಇಳಿದಿತ್ತು. ನರಕ್ಕೆ ಗ್ಲೂಕೋಸ್ ಹೋಗುತ್ತಿದ್ದಂತೆ ಹತ್ತೇ ನಿಮಿಷದಲ್ಲಿ ಅಜ್ಜಿ ಕಣ್ಣು ಪೂರ್ತಿ ತೆರೆದಳು. ಸುತ್ತ ನೋಡಿ, ನಿಧಾನವಾಗಿ, ಪಾರಣಿ ಹೊತ್ತಾತೇನು ಎಂದು ಕೇಳಿದಳು. ಪದ್ಮಜಾ ಅಳುತ್ತಲೇ ನಕ್ಕುಬಿಟ್ಟಳು.

ಸುಮಯ್ಯಾ ಸಂಪದಾಳನ್ನು ಪಕ್ಕಕ್ಕೆ ಕರೆದು ಎಲ್ಲ ಕೇಳಿದಳು. ಗುಳಿಗೆಯ ಕೆಲಸ ಸಕ್ಕರೆ ಇಳಿಸುವುದು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಅದು ತನ್ನ ಕೆಲಸ ಬಿಡುವುದಿಲ್ಲ. ಇನ್ನೊಂದು ತಾಸು ತಡವಾಗಿದ್ದರೆ ಜೀವ ಹೋಗುತ್ತಿತ್ತು, ಉಳಿದರೂ ಮೆದುಳು ಉಳಿಯುತ್ತಿತ್ತೋ ಇಲ್ಲವೋ. ಗುಳಿಗೆಯ ಶಕ್ತಿ ಪೂರ್ತಿ ಇಳಿಯುವವರೆಗೆ ಸಕ್ಕರೆ ಮತ್ತೆ ಬೀಳಬಹುದೆಂದು ಎರಡು ದಿನ ಅಲ್ಲೇ ಇಟ್ಟುಕೊಂಡರು. ಈ ವಯಸ್ಸಿಗೆ, ಈ ಕಾಯಿಲೆಗೆ, ಇಂಥ ಉಪವಾಸ ಸಲ್ಲದು ಎಂದು ಸುಮಯ್ಯಾ ಕಡ್ಡಿ ಮುರಿದಂತೆ ಹೇಳಿದಳು.

ಮರುದಿನ ಬೆಳಿಗ್ಗೆ ದವಾಖಾನೆಯ ಬೆಂಚಿನ ಮೇಲೆ ಆಚಾರ್ಯರೂ ಸಂಪದಾಳೂ ಕುಳಿತಿದ್ದರು. ಮನೆಗೆ ಹೋದ ಮೇಲೆ ಪ್ರಾಯಶ್ಚಿತ್ತ ಆಗಬೇಕೆಂದು ಆಚಾರ್ಯರು ಶುರುಮಾಡಿದರು. ವ್ರತವನ್ನಂತೂ ಬಿಡಕೂಡದು. ಬೇಕಾದರೆ ಆ ದಿನ ಗುಳಿಗೆ ಬಿಡಲಿ.

"ಎಂಟರಿಂದ ಎಂಬತ್ತರ ತನಕಾ ಬಿಡಬಾರದು ಅಂತ ಅದ. ಅಕ್ಕಗ ಎಪ್ಪತ್ತೆಂಟು. ಇನ್ನೆರಡು ವರ್ಷ ಕಳದ್ರ ತಾನ ಬಿಡುಗಡಿ."

"ಆ ಎರಡು ವರ್ಷ ಅಜ್ಜಿ ಇರಬೇಕಲ್ಲಾ, ಅಜ್ಜಾ," ಎಂದಳು ಸಂಪದಾ. "ರೋಗಿಗಳಿಗೆ ಮಾಫಿ ಅಂತಲೂ ಅದ ಅಂತ ನೀವ ಒಮ್ಮೆ ಹೇಳಿದ್ರಿ. ಅಜ್ಜಿ ರೋಗಿ ಅಲ್ಲೇನು?"

"ಅದು ಹಾಸಿಗಿ ಹಿಡದವರಿಗೆ. ನಡದಾಡೋವ್ರಿಗೆ ಅಲ್ಲ. ನಿನ್ನ ಹಾನಗಲ್ಲ ಅಜ್ಜಿನ ನೋಡು, ಸಕ್ಕರಿ ಇತ್ತು, ಬಿಟ್ಟಳೇನು? ಕಡೀ ದಿನದ ತನಕಾ…"

ಮಾತು ಅಲ್ಲಿಗೇ ನಿಂತಿತು. ಸಂಪದಾ ತಲೆಯೆತ್ತಿ ನೋಡಿದಳು. ಆಚಾರ್ಯರು ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ವರಾಂಡದಲ್ಲಿ ಯಾರೋ ಚೀಟಿ ಹಿಡಿದು ಓಡಾಡುತ್ತಿದ್ದರು, ಒಳಗೆ ಒಂದು ಕೂಸು ಅಳುತ್ತಿತ್ತು. ಅವರು ಮತ್ತೆ ಮಾತಾಡಿದಾಗ ಪುರಾಣ ಹೇಳುವ ಆ ತುಂಬು ದನಿ ಎಲ್ಲಿಗೋ ಹೋಗಿತ್ತು.

"ಅಕಿ ಗುಳಿಗಿ ನಾನ ಕೊಡ್ತಿದ್ದೆ. ತೀರ್ಥದ ಜೋಡಿ. ಅವತ್ತು ಅಕಿ ಮಾತು ತೊದಲಿತು. ನಾಮಸ್ಮರಣಿ ಮಾಡ್ಲಿಕ್ಕತ್ತಾಳ ಅಂತ ತಿಳಕೊಂಡೆ." ಸ್ವಲ್ಪ ತಡೆದು ಅವರೇ ಕೇಳಿದರು, "ಅಕಿಗೂ ಬೆವತಿತ್ತೇನೋ, ಸಂಪದಾ? ನಾ ಮುಟ್ಟಲಿಲ್ಲ."

ಸಂಪದಾಳ ಬಾಯಿಯಲ್ಲಿ ಎಷ್ಟೋ ವಾದಗಳು ಸಿದ್ಧವಾಗಿದ್ದವು. ಆದರೆ ಈ ಪ್ರಶ್ನೆಗೆ ಇರುವ ಉತ್ತರವನ್ನು ಈ ಮುದುಕನಿಗೆ ಹೇಳುವ ಕಠಿಣತನ ಅವಳಲ್ಲಿರಲಿಲ್ಲ. ಅವಳು ಅವರ ಒಣಗಿದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಾನೂ ಮುಟ್ಟಿರಲಿಲ್ಲ, ಅಜ್ಜಾ. ಕೇಳೋವ್ರು ಬಂದು ಕೇಳಿದ್ರು, ಅಷ್ಟ."

ಮೂರು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದ ಸಾವಿಗೆ ಆಚಾರ್ಯರು ಅಂದು ದವಾಖಾನೆಯ ಬೆಂಚಿನ ಮೇಲೆ ಕುಳಿತು ಮೊದಲ ಸಲ ಅತ್ತರು. ಪ್ರಾಯಶ್ಚಿತ್ತದ ಮಾತನ್ನು ಮತ್ತೆ ಎತ್ತಲಿಲ್ಲ. ಅಕ್ಕನಿಗೆ ಹೇಳಿ ಸಂಜೆಯ ಬಸ್ಸಿಗೆ ಹಾನಗಲ್ಲಿಗೆ ಹೊರಟುಹೋದರು.

ಹದಿನೈದು ದಿನ ಕಳೆದು ಮತ್ತೊಂದು ಏಕಾದಶಿ ಬಂತು. ಅದಕ್ಕೂ ಎರಡು ದಿನ ಮೊದಲಿನಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಅಜ್ಜಿ ಎಂದಿನಂತೆ ಮಿಂದು ಮಡಿಯುಟ್ಟು ದೇವರಕೋಣೆ ಸೇರಿದಳು. ಸಂಪದಾ ಶಾಲೆಗೆ ರಜೆ ಹಾಕಿ, ಅನ್ನ, ತೊವ್ವೆ, ಮೊಸರು ಬಡಿಸಿದ ತಟ್ಟೆಯನ್ನು ತಂದು ಅಜ್ಜಿಯ ಎದುರಿಗಿಟ್ಟು, ಗುಳಿಗೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಗುಳಿಗಿ ಕೊಡು," ಎಂದಳು ಅಜ್ಜಿ.

"ಕೊಡಂಗಿಲ್ಲ. ಮೊದಲ ಊಟ. ಬರೇ ಹೊಟ್ಟಿಗೆ ಗುಳಿಗಿ ಈ ಕೈಯಿಂದ ಇನ್ನ ಬರಂಗಿಲ್ಲ ಅಜ್ಜಿ, ನೀ ಬೈದ್ರೂ ಇಲ್ಲ, ಅತ್ರೂ ಇಲ್ಲ."

"ಹಂಗಾರ ಗುಳಿಗಿನೂ ಬ್ಯಾಡ."

"ಹಂಗಾರ ನನಗೂ ಊಟ ಬ್ಯಾಡ. ಇಲ್ಲೇ ಕೂಡ್ತೇನಿ."

ಅಜ್ಜಿ ಮುಖ ತಿರುಗಿಸಿದಳು. ಹಠ ಆ ಮನೆತನಕ್ಕೆ ಹುಟ್ಟಿನಿಂದ ಬಂದದ್ದು, ಇಬ್ಬರಲ್ಲೂ ಸಮನಾಗಿತ್ತು. ತಟ್ಟೆಯ ಅನ್ನ ಆರಿತು. ಅಜ್ಜಿಯ ಕಣ್ಣು ಆಗಾಗ ಮೊಮ್ಮಗಳ ಮುಖಕ್ಕೆ ಬಂದು ಹೋಗುತ್ತಿತ್ತು. ಕೊನೆಗೆ ತನ್ನಷ್ಟಕ್ಕೇ ಎಂಬಂತೆ, ಅರವತ್ತೆರಡು ವರ್ಷದ್ದು ನೀರಿನಾಗ ಹೋಗ್ತದಲ್ಲ ಎಂದು ಗೊಣಗಿದಳು. ಆಗ ಸಂಪದಾಳಿಗೂ ದುಃಖ ಉಕ್ಕಿತು. ಒಂದು ಜೀವ ಇಡೀ ಆಯುಷ್ಯ ಶ್ರದ್ಧೆಯಿಂದ ಕೂಡಿಟ್ಟದ್ದನ್ನು ಬಿಡು ಎನ್ನುವುದು ಸುಲಭದ ಮಾತಲ್ಲ.

ಹತ್ತೂವರೆಗೆ ಫೋನು ಬಂತು. ಹಾನಗಲ್ಲಿನಿಂದ. ಅಕ್ಕನಿಗೂ ಕೇಳುವ ಹಾಗೆ ಇಡು ಎಂದರು ಆಚಾರ್ಯರು.

"ಅಕ್ಕಾ, ಉಣ್ಣು. ನಾನೂ ಇಲ್ಲೆ ಎಲಿ ಹಾಕ್ಕೊಂಡು ಅನ್ನಾ ಬಡಿಸ್ಕೊಂಡು ಕೂತೇನಿ. ಜನಿವಾರ ಹಾಕಿದಾಗಿಂದ ಮೊದಲನೇದ್ದು. ನೀ ಒಂದು ತುತ್ತು ಬಾಯಿಗೆ ಇಟ್ಟಮ್ಯಾಲ ನಾ ಇಡ್ತೇನಿ. ಪಾಪ ಬಂದ್ರ ಇಬ್ಬರಿಗೂ ಬರಲಿ. ಒಬ್ಬಾಕಿನ್ನ ಕಳಕೊಂಡೇನಿ, ನಿನ್ನ ಕಳಕೊಳ್ಳಾರೆ."

ಪದ್ಮಾಬಾಯಿ ಕಣ್ಣುಮುಚ್ಚಿ ಕೈಮುಗಿದಳು. ದೇವರಿಗೆ ಏನು ಹೇಳಿದಳೋ ದೇವರಿಗೇ ಗೊತ್ತು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆಳೆದು ಆರಿದ ಅನ್ನಕ್ಕೆ ತೊವ್ವೆ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಉಂಡೆಯಾ ಎಂದು ಫೋನಿನಿಂದ ಕೇಳಿತು. ಉಣ್ಣಾಕತ್ತೇನೋ, ನೀನೂ ಉಣ್ಣು ಎಂದಳು ಅಜ್ಜಿ, ಸಣ್ಣ ತಮ್ಮನನ್ನು ಗದರಿಸುವ ದನಿಯಲ್ಲಿ. ಊಟವಾದ ಮೇಲೆ ಸಂಪದಾ ಗುಳಿಗೆಯನ್ನು ಮೇಲಿನಿಂದ ಉದುರಿಸಲಿಲ್ಲ. ಅಜ್ಜಿಯ ಅಂಗೈಯಲ್ಲಿ ಇಟ್ಟು ಬೆರಳು ಮಡಿಸಿದಳು.

ಮಧ್ಯಾಹ್ನ ಕುಲಸುಮಬಿ ಹಿತ್ತಲಗೋಡೆಯ ಹತ್ತಿರ ಬಂದಳು. ಮರುದಿನದ ಪೂಜೆಗೆ ಆಯ್ದ ಎಲೆ ತಂದಿದ್ದಳು. ಎಂದಿನಂತೆ ಗೋಡೆಯ ಮೇಲೆ ಇಡಲು ಹೋದಳು. ಈಚೆ ಪದ್ಮಾಬಾಯಿ ಮಡಿಸೀರೆಯಲ್ಲೇ ನಿಂತಿದ್ದಳು, ಕೈಯಲ್ಲಿ ನೀರಿನ ತಂಬಿಗೆ ಇರಲಿಲ್ಲ.

"ಗ್ವಾಡಿ ಮ್ಯಾಲ ಇಡಬ್ಯಾಡ, ಕುಲಸುಮ್ಮ. ಕೈಯಾಗ ಕೊಡು."

ಕುಲಸುಮಬಿ ನಂಬದವಳಂತೆ ನೋಡಿದಳು. ಮಡಿ ಇದೆಯಲ್ಲವೇ ಎಂದು ಮೆಲ್ಲಗೆ ಕೇಳಿದಳು.

"ಅದ. ಇದ್ದರ ಇರಲಿ," ಎಂದು ಪದ್ಮಾಬಾಯಿ ಗೋಡೆಯ ಮೇಲಿಂದ ಕೈ ಚಾಚಿದಳು. "ನನ್ನ ಕೈ ಬೆಚ್ಚಗ ಅದನೋ ತಣ್ಣಗ ಅದನೋ, ನಿನಗೂ ಗೊತ್ತಾಗಲಿ."